ಹಳೇ ವೈನ್‌ಗೆ ಯಾವ ಕ್ರಿಯಾಪದ? ಹಳತಾಗುವುದೋ, ಮಾಗುವುದೋ, ಹದಕ್ಕೆ ಬರುವುದೋ?

ಗೆಳೆಯರೇ,

ನನಗೊಂದು ಕ್ರಿಯಾಪದ ಬೇಕಾಗಿದೆ. ಪೀಠಿಕೆ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಹೋದ ತಿಂಗಳು ಫ್ರಾನ್ಸಿನ ಬೋರ್ಡೋದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಭಾವ ಬಹಳ ದಿನದಿಂದ ಎತ್ತಿಟ್ಟಿದ್ದ ಒಂದು ಕೆಂಪು ವೈನ್ ತೆಗೆದರು. ಸ್ಯಾಂ ಜೂಲಿಯಾಂ ಎಂಬ ಊರಿನ ಡ್ಯುಕ್ರು ಬೋಕಾಯು ತೋಟದ್ದು, 1996ರ ಬೆಳೆ. ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಅಮ್ಮನ ವಿಡಿಯೋ ಕಾಲ್. ಬಾಟಲಿ ಕಂಡು, ವರ್ಷ ಕೇಳಿ, "ಅಯ್ಯೋ, ಅಷ್ಟು ಹಳೇದಾ? ಹಳಸಿರಲ್ವೇನೋ?" ಅಂದರು.

"ಇಲ್ಲಮ್ಮ, ಅದು..." ಅಂದವನು ಅಲ್ಲೇ ನಿಂತೆ. ಹಳಸಿಲ್ಲ ಸರಿ. ಮತ್ತೇನಾಗಿದೆ?

ಒಂದು ಮಾತು, ಅಡಿಕೆ ತೋಟದವರಿಗೆ ಆ ಊರಿನ ಋಣ ಇದೆ. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ಔಷಧಿಯ ಗುಟ್ಟು ಸಿಕ್ಕಿದ್ದು ಅಲ್ಲಿನ ದ್ರಾಕ್ಷಿ ತೋಟದಲ್ಲೇ. ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲಿರಲಿಲ್ಲ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಅದನ್ನು ಗಮನಿಸಿದರು. ಇದನ್ನು ಹೇಳಿದ ಮೇಲೆ ಅಮ್ಮನಿಗೆ ಬಾಟಲಿಯ ಮೇಲೆ ಸ್ವಲ್ಪ ಗೌರವ ಬಂತು.

ಈಗ ಪದಕ್ಕೆ ಬರೋಣ. ಎಳೇ ಬೋರ್ಡೋ ವೈನ್ ಕುಡಿದರೆ ಬಾಯಿ ಹಿಡಿದುಕೊಳ್ಳುತ್ತದೆ. ನೇರಳೆಹಣ್ಣು ತಿಂದ ಮೇಲೆ ನಾಲಿಗೆ ದಪ್ಪ ಆಗುತ್ತದಲ್ಲ, ಹಾಗೆ. ದ್ರಾಕ್ಷಿಯ ಸಿಪ್ಪೆ, ಬೀಜ, ಓಕ್ ಪೀಪಾಯಿಗಳಿಂದ ಬರುವ ಟ್ಯಾನಿನ್ ಇದಕ್ಕೆ ಕಾರಣ. ಅದಕ್ಕೆ 'ಒಗರು' ಇದೆ, ತಕರಾರಿಲ್ಲ. ಅಡಿಕೆ ಬೇಯಿಸಿದ ಚೊಗರಿನಲ್ಲಿರುವುದೂ ಹೆಚ್ಚುಕಡಿಮೆ ಇದೇ ಜಾತಿಯದು. ವರ್ಷ ಕಳೆದಂತೆ ಟ್ಯಾನಿನ್ ಕಣಗಳು ಒಂದಕ್ಕೊಂದು, ಬಣ್ಣದ ಜೊತೆಗೂ, ಅಂಟಿಕೊಂಡು ಭಾರವಾಗಿ ತಳಕ್ಕೆ ಇಳಿಯುತ್ತವೆ. ಒಗರು ಮೆತ್ತಗಾಗುತ್ತದೆ.

ಭಾವ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದ್ದರು. ಕತ್ತಿನ ಹಿಂದೆ ಮೇಣದಬತ್ತಿ ಹಚ್ಚಿಟ್ಟು, ನಿಧಾನಕ್ಕೆ ಗಾಜಿನ ಹೂಜಿಗೆ ಬಗ್ಗಿಸಿದರು. ಗಸಿ ಕತ್ತಿನವರೆಗೆ ಬಂದದ್ದು ಕಂಡ ಕೂಡಲೇ ಕೈ ನಿಲ್ಲಿಸಿದರು. ಇದಕ್ಕೆ 'ತಿಳಿ ಬಗ್ಗಿಸುವುದು' ಸಾಕು, ಅಲ್ವಾ? ಲೋಟ ಓರೆ ಮಾಡಿದರೆ ಅಂಚಿನಲ್ಲಿ ಮಂಗಳೂರು ಹೆಂಚಿನ ಬಣ್ಣ. ತಮಾಷೆ ಅಂದರೆ ಫ್ರೆಂಚರೂ ಇದಕ್ಕೆ ಹೆಂಚಿನ ಬಣ್ಣ ಅಂತಲೇ ಹೇಳುತ್ತಾರೆ. ಮೂಗಿಗೆ ಹಣ್ಣಿಗಿಂತ ಜಾಸ್ತಿ ಬಂದಿದ್ದು ತಂಬಾಕು, ದೇವದಾರು ಮರದ ಪೆಟ್ಟಿಗೆ, ಮಳೆ ನಿಂತ ಮೇಲೆ ಕಾಡಿನ ತರಗೆಲೆ. ಬಾಯಲ್ಲಿ ಒಗರು ಇತ್ತು, ಆದರೆ ಕಚ್ಚಲಿಲ್ಲ.

ಈ ಸ್ಥಿತಿಗೆ ಪದ ಯಾವುದು?

'ಹಳೇ' ನಮ್ಮ ಅಡುಗೆಮನೆಯಲ್ಲಿ ಹೊಗಳಿಕೆಯೂ ಹೌದು. ಹಳೇ ಅಕ್ಕಿಯ ಅನ್ನ ಉದುರುದುರಾಗುತ್ತದೆ. ಅಕ್ಕಿ ಹಳತಾದರೆ ಒಳ್ಳೆಯದು, ಅನ್ನ ಹಳಸಿದರೆ ಚೆಲ್ಲಬೇಕು. ಎರಡೂ ಒಂದೇ ಬೇರಿನ ಪದಗಳಿದ್ದಂತಿವೆ. ಅಮ್ಮ ತಡವರಿಸಿದ್ದೂ ಅಲ್ಲೇ. 'ಹಳತಾಗಿದೆ' ಅಂದರೆ ವರ್ಷದ ಲೆಕ್ಕ ಸಿಗುತ್ತದೆ, ರುಚಿಯದ್ದು ಸಿಗುವುದಿಲ್ಲ.

'ಕಳಿತ' ಅಂದರೆ ಕೊಳೆಯುವ ಹಿಂದಿನ ದಿನದ ಬಾಳೆಹಣ್ಣು ಕಣ್ಣಮುಂದೆ ಬರುತ್ತದೆ. 'ಪಕ್ವ' ಸುಮ್ನೆ ಪುಸ್ತಕದ ಮಾತು.

'ಮಾಗಿದ' ನನಗೆ ಇಷ್ಟ. ಹಣ್ಣು ಮಾಗುತ್ತದೆ, ಗಾಯ ಮಾಗುತ್ತದೆ, ಮನುಷ್ಯನೂ ಮಾಗುತ್ತಾನೆ. ಮೂರರಲ್ಲೂ ಬಿರುಸು ಇಳಿಯುತ್ತದೆ. ತೊಡಕು ಒಂದೇ: ಬಳ್ಳಿಯಲ್ಲಿ ದ್ರಾಕ್ಷಿಯೂ ಮಾಗುತ್ತದೆ. 'ಚೆನ್ನಾಗಿ ಮಾಗಿದ ದ್ರಾಕ್ಷಿಯ ವೈನ್ ಇನ್ನೂ ಮಾಗಿಲ್ಲ' ಅಂತ ಬರೆದರೆ ಓದುವವರು ತಲೆ ಕೆರೆದುಕೊಳ್ಳುತ್ತಾರೆ.

ಇನ್ನೊಂದು 'ಹದಕ್ಕೆ ಬಂದಿದೆ'. ಇದರ ಹಿಂದೆ ಒಂದು ಸ್ವಾರಸ್ಯ ಇದೆ. ಟ್ಯಾನಿನ್ ಎಂಬ ಹೆಸರು ಬಂದಿದ್ದೇ ಚರ್ಮ ಹದ ಮಾಡಲು ಬಳಸುವ ಓಕ್ ತೊಗಟೆಯ ಫ್ರೆಂಚ್ ಹೆಸರಿನಿಂದ. ನಮ್ಮಲ್ಲಿ ಆ ಕೆಲಸಕ್ಕೆ ಆವರಿಕೆ ತೊಗಟೆ ಇತ್ತು. ಚರ್ಮವನ್ನು ಹದ ಮಾಡುವ ಒಗರೇ ಬಾಟಲಿಯಲ್ಲಿ ಕೂತು ತಾನೇ ಹದಕ್ಕೆ ಬರುತ್ತದೆ! ಆದರೆ ಹದ ಅಂದರೆ ಒಂದು ಗಳಿಗೆ, ಪಾಕದ ಹದದ ಹಾಗೆ, ತಪ್ಪಿದರೆ ಹೋಯಿತು. ಇಂಥ ವೈನ್‌ನ ಒಳ್ಳೆಯ ಕಾಲ ಹತ್ತಿಪ್ಪತ್ತು ವರ್ಷ ನಡೆಯುತ್ತದೆ.

ಸದ್ಯಕ್ಕೆ 'ಒಗರು ಮಾಗಿದೆ' ಅಂತ ಬರೆದುಕೊಂಡಿದ್ದೇನೆ. ದ್ರಾಕ್ಷಿ ಮಾಗಿತು, ಒಗರು ಮಾಗಿತು, ಎರಡೂ ಬೇರೆಬೇರೆ ನಿಲ್ಲುತ್ತವೆ. ಒಗರು ಮಾಗುವುದು ಕಿವಿಗೆ ಸರಿ ಕೇಳುತ್ತದೆಯೇ?

ಮಿಡಿ ಉಪ್ಪಿನಕಾಯಿ ಭರಣಿಯಲ್ಲಿ ಎರಡು ಮೂರು ವರ್ಷ ಕೂತು ರುಚಿ ಕಟ್ಟಿದಾಗ ನಿಮ್ಮ ಮನೆಯಲ್ಲಿ ಏನಂತಾರೆ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಹೇಳಿ. ಅಮ್ಮನನ್ನು ಕೇಳಿದೆ. "ಹಳೇ ಉಪ್ಪಿನಕಾಯಿ ಅಂತೀವಿ, ಇನ್ನೇನು?" ಅಂದರು.