ಅಪ್ಪನಿಗೆ ಹಾರ್ಟ್ ಫೇಲ್ಯೂರ್, ಡಿಸ್ಚಾರ್ಜ್ ಮಾಡಿದ್ದಾರೆ. ಮನೆಯಲ್ಲಿ ಏನೇನು ನೋಡಿಕೊಳ್ಳಬೇಕು?

ಸಕಲೇಶಪುರದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 67 ವರ್ಷ. ಸಕಲೇಶಪುರದಿಂದ ಒಳಗೆ ಸಣ್ಣ ಕಾಫಿ ತೋಟ ಇದೆ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಈ ಸಲ ಕಾಲು ಊದಿ, ರಾತ್ರಿ ಮಲಗಿದರೆ ಉಸಿರು ಕಟ್ಟಿ, ಹಾಸನದಲ್ಲಿ ಅಡ್ಮಿಟ್ ಮಾಡಿದೆವು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದರೆ ಹೃದಯ ಒಂದೊಂದು ಬಡಿತಕ್ಕೆ ಹೊರಗೆ ತಳ್ಳುವ ರಕ್ತದ ಪಾಲು, ಶೇಕಡಾ 30 ಅಂತ ಬಂದಿದೆ. ಮೈಯಲ್ಲಿ ಸೇರಿದ್ದ ನೀರು ಇಳಿಸಿ ಮನೆಗೆ ಕಳಿಸಿದ್ದಾರೆ.

"ಉಪ್ಪು ಕಮ್ಮಿ ಮಾಡಿ, ನೀರು ಕಮ್ಮಿ ಕೊಡಿ, ತೂಕ ನೋಡಿಕೊಳ್ಳಿ, 10 ದಿನ ಬಿಟ್ಟು ಬನ್ನಿ" ಅಂದರು. ಅಷ್ಟೇ. ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರು, ಇನ್ನೂ ಕೇಳುವುದಕ್ಕೆ ಆಗಲಿಲ್ಲ. ಈಗ ಅಮ್ಮ ಕೇಳುತ್ತಿದ್ದಾರೆ, ಕಮ್ಮಿ ಅಂದರೆ ಎಷ್ಟು? ತೂಕ ನೋಡಿ ಏನು ಮಾಡಬೇಕು? ನನ್ನ ಹತ್ತಿರ ಉತ್ತರ ಇಲ್ಲ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಮನೆಯಲ್ಲಿ ಅವರಿಬ್ಬರೇ. ಮಳೆ ಹಿಡಿದರೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಅಪ್ಪ ಮೊದಲಿನಿಂದಲೂ ಇನ್ನೊಬ್ಬರ ಮಾತು ಕೇಳುವವರಲ್ಲ. ಅಮ್ಮ ಉಪ್ಪಿನಕಾಯಿ ಭರಣಿ ಬಚ್ಚಿಟ್ಟಿದ್ದಕ್ಕೆ ಮನೆಯಲ್ಲಿ ದೊಡ್ಡ ಜಗಳ. 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ದಿನಾ ಟಿವಿಯಲ್ಲಿ ಬಂತಲ್ಲ, ಆಗಿನಿಂದ ಅಮ್ಮನಿಗೆ ಭಯ ಹೋಗಿಲ್ಲ. ರಾತ್ರಿ ಎದ್ದೆದ್ದು ಅಪ್ಪನ ಉಸಿರು ನೋಡುತ್ತಾರಂತೆ.

ಮನೆಯಲ್ಲಿ ಇಂಥವರನ್ನು ನೋಡಿಕೊಂಡವರು ದಯವಿಟ್ಟು ಬಿಡಿಸಿ ಹೇಳಿ.

ವಾರ್ಡ್ ಸಿಸ್ಟರ್, ಹಾಸನ

ನಾನು ಕಾರ್ಡಿಯಾಕ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಮೊದಲು ಅಮ್ಮನಿಗೆ ಇದನ್ನು ಹೇಳಿ. ಟಿವಿಯಲ್ಲಿ ಬಂದದ್ದು ರಕ್ತನಾಳ ಥಟ್ಟನೆ ಮುಚ್ಚಿಕೊಳ್ಳುವ ತೊಂದರೆ. ನಿಮ್ಮ ತಂದೆಯವರದು ಈಗ ಬೇರೆ. ಹಳೆಯ ಅಟ್ಯಾಕಿನಿಂದ ಹೃದಯದ ಸ್ನಾಯು ಸೋತಿದೆ, ಪಂಪ್ ಮಾಡುವುದು ಕಮ್ಮಿಯಾಗಿದೆ. ಕಿಡ್ನಿಗೆ ಸಾಕಷ್ಟು ರಕ್ತ ಬರದೇ ಇದ್ದಾಗ ಅದು ಉಪ್ಪು, ನೀರು ಎರಡನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಕಾಲಿಗೆ, ಹೊಟ್ಟೆಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಇದು ಹೆಚ್ಚಿನವರಲ್ಲಿ ಒಂದೇ ರಾತ್ರಿಯಲ್ಲಿ ಆಗುವುದಿಲ್ಲ. ಉಸಿರು ಕಟ್ಟುವ ಎಷ್ಟೋ ದಿನ ಮೊದಲೇ ತೂಕ ಏರಲು ಶುರುವಾಗಿರುತ್ತದೆ. ಅಂದರೆ ನಿಮಗೆ ಸಮಯ ಇದೆ. ಆ ಸಮಯವನ್ನು ಹಿಡಿಯುವುದಕ್ಕೇ ತೂಕ ನೋಡುವುದು.

ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೂ ಮೊದಲು, ದಿನಾ ಒಂದೇ ತರದ ಬಟ್ಟೆಯಲ್ಲಿ ನೋಡಬೇಕು. ಡಿಜಿಟಲ್ ಮೆಷಿನ್ ಆಗಲಿ, ಗಟ್ಟಿ ನೆಲದ ಮೇಲಿರಲಿ. ಮನೆಗೆ ಬಂದ ಮಾರನೇ ಬೆಳಿಗ್ಗೆ ಎಷ್ಟಿತ್ತೋ ಅಲ್ಲಿಂದ ಲೆಕ್ಕ. ಮೂರು ದಿನದಲ್ಲಿ 2 ಕೆಜಿಗಿಂತ ಜಾಸ್ತಿ ಏರಿದರೆ ಅದು ಊಟದ ಕೊಬ್ಬಲ್ಲ, ನೀರು. ಉಸಿರಾಟ ಚೆನ್ನಾಗಿದ್ದರೂ ಫೋನ್ ಮಾಡಲೇಬೇಕು.

ಆದರೆ ಯಾರಿಗೆ ಫೋನ್ ಮಾಡುವುದು? ನನಗೆ ಬೇಜಾರಾಗುವುದು ಇಲ್ಲೇ. ಎಷ್ಟೋ ಮನೆಯವರು ತೂಕ ಬರೆದು ತರುತ್ತಾರೆ, ಅಚ್ಚುಕಟ್ಟಾಗಿ, ಏರುತ್ತಾ ಏರುತ್ತಾ ಹೋಗಿರುತ್ತದೆ, ಆದರೆ ಏರಿದಾಗ ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಕೊನೆಗೆ ಉಸಿರು ಕಟ್ಟಿದ ಮೇಲೆಯೇ ಬರುತ್ತಾರೆ. ಹಾಗಾಗಿ ಫಾಲೋ-ಅಪ್‌ಗೆ ಹೋದಾಗ ಡಾಕ್ಟರ್ ಹತ್ತಿರ ಚೀಟಿಯಲ್ಲಿ ಬರೆಸಿಕೊಂಡೇ ಎದ್ದೇಳಿ. ನೀರು ಪೂರ್ತಿ ಇಳಿದಾಗ ಇವರ ತೂಕ ಎಷ್ಟು ಇರಬೇಕು, ಎಷ್ಟು ಏರಿದರೆ ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡಿ ನೀರು ಇಳಿಸುವ ಮಾತ್ರೆ) ಜಾಸ್ತಿ ತೆಗೆದುಕೊಳ್ಳಬಹುದು, ಎಷ್ಟು ದಿನ, ಆಗಲೂ ಇಳಿಯದಿದ್ದರೆ ಯಾವ ನಂಬರಿಗೆ ಕರೆ ಮಾಡಬೇಕು. ಅವರು ಬರೆದುಕೊಡದೆ ನೀವಾಗಿ ಮಾತ್ರೆ ಜಾಸ್ತಿ ಮಾಡಬೇಡಿ. ಆ 10 ದಿನದ ಭೇಟಿಯನ್ನಂತೂ ಮಳೆ, ಬಸ್ಸು ಅಂತ ಮುಂದೆ ಹಾಕಲೇಬೇಡಿ. ಮತ್ತೆ ಅಡ್ಮಿಟ್ ಆಗುವವರಲ್ಲಿ ತುಂಬಾ ಜನ ಆಗುವುದು ಮೊದಲ ಕೆಲವು ವಾರಗಳಲ್ಲೇ. ಆ ದಿನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವುದು), ಪೊಟ್ಯಾಸಿಯಂ ಕೂಡ ನೋಡಬೇಕಾಗುತ್ತದೆ.

ತೂಕದ ಜೊತೆ ಇನ್ನೆರಡು ಗಮನಿಸಿ. ಮೊಣಕಾಲಿನ ಕೆಳಗೆ ಮೂಳೆ ಮೇಲೆ ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಬಿಡಿ, ಗುಳಿ ಉಳಿದರೆ ನೀರು ಸೇರಿದೆ. ರಾತ್ರಿ ಎಷ್ಟು ದಿಂಬು ಬೇಕಾಗುತ್ತದೆ ನೋಡಿ. ಒಂದರಲ್ಲಿ ಮಲಗುತ್ತಿದ್ದವರು ಎರಡು, ಮೂರು ಕೇಳಲು ಶುರು ಮಾಡಿದರೆ ಕಾಯಬೇಡಿ.

ಮೂಡಿಗೆರೆ ಹುಡುಗ

ಅಕ್ಕ, ನಮ್ಮ ದೊಡ್ಡಪ್ಪನದು ಹೆಚ್ಚುಕಡಿಮೆ ಇದೇ ಕಥೆ. ಸಿಸ್ಟರ್ ಹೇಳಿದ್ದೆಲ್ಲ ಸರಿ, ಆದರೆ ಅಪ್ಪನಂಥವರ ಹತ್ತಿರ ಅದನ್ನು ಮಾಡಿಸುವುದು ಹೇಗೆ ಅನ್ನುವುದೇ ಕಷ್ಟ ಅಲ್ವಾ.

ನಮ್ಮ ದೊಡ್ಡಮ್ಮನೂ ಹೀಗೇ ಎಲ್ಲ ಬಚ್ಚಿಟ್ಟರು. ದೊಡ್ಡಪ್ಪ ಮದುವೆ ಮನೆಗೆ ಹೋದಾಗ ಎರಡರಷ್ಟು ತಿಂದು ಬಂದರು. ಯಜಮಾನಿಕೆ ಮಾಡಿದ ಮನುಷ್ಯನನ್ನು ಇದ್ದಕ್ಕಿದ್ದಂತೆ ಮಗುವಿನ ತರ ನೋಡಿದರೆ ಯಾರು ತಾನೇ ಒಪ್ಪುತ್ತಾರೆ? ಕೊನೆಗೆ ಕೆಲಸಕ್ಕೆ ಬಂದದ್ದು ಮಳೆ ಪುಸ್ತಕ. ನಿಮ್ಮ ತಂದೆಯವರೂ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ ಬರೆಯುತ್ತಿರಬೇಕು, ತೋಟದವರು ಯಾರು ಬರೆಯುವುದಿಲ್ಲ ಹೇಳಿ. ಅದೇ ಪುಸ್ತಕದಲ್ಲಿ ಪಕ್ಕಕ್ಕೆ ಇನ್ನೊಂದು ಗೆರೆ ಎಳೆದು ತೂಕ ಬರೆಯಲು ಅವರಿಗೇ ಕೊಡಿ. ನಮ್ಮ ದೊಡ್ಡಪ್ಪ ಈಗ ತೂಕ ಅರ್ಧ ಕೆಜಿ ಏರಿದರೂ ಹಿಂದಿನ ದಿನ ಏನು ತಿಂದೆ ಅಂತ ತಾವೇ ಲೆಕ್ಕ ಹಾಕುತ್ತಾರೆ. ಹಪ್ಪಳ ತಿಂದ ಮಾರನೇ ದಿನ ಎಷ್ಟಾಯಿತು ಅಂತ ಕಣ್ಣಾರೆ ನೋಡಿದ ಮೇಲೆ ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಕಾಯಿಲೆ ಅವರದು, ಲೆಕ್ಕವೂ ಅವರ ಕೈಯಲ್ಲೇ ಇರಲಿ. ಅಮ್ಮ ಕಾವಲು ಕಾಯುವುದು ಬೇಡ.

ಉಪ್ಪಿನ ವಿಷಯ. ನಮಗೆ ಹೇಳಿದ್ದು ದಿನಕ್ಕೆ ಒಟ್ಟು 5 ಗ್ರಾಂ ಒಳಗೆ, ಅಂದರೆ ಪುಡಿ ಉಪ್ಪು ಮಟ್ಟಸವಾಗಿ ಒಂದು ಟೀ ಚಮಚ. ಇದರಲ್ಲಿ ತಿಂಡಿ, ಊಟ, ಬೇಕರಿ ಎಲ್ಲ ಸೇರಿತು. ಬೆಳಿಗ್ಗೆಯೇ ಅವರ ಪಾಲಿನ ಉಪ್ಪನ್ನು ಸಣ್ಣ ಡಬ್ಬಿಗೆ ಹಾಕಿಟ್ಟರೆ ಅಮ್ಮನಿಗೆ ಸುಲಭ. ಅಪ್ಪನಿಗೆ ಬೇರೆ ಅಡುಗೆ ಮಾಡಬೇಡಿ, ಅದು ಅವರಿಗೆ ಅವಮಾನ, ಅಮ್ಮನಿಗೆ ಎರಡು ಕೆಲಸ. ಎಲ್ಲರಿಗೂ ಕಮ್ಮಿ ಉಪ್ಪಿನಲ್ಲೇ ಮಾಡಿ, ಬೇಕಾದವರು ಎಲೆಯಲ್ಲಿ ಹಾಕಿಕೊಳ್ಳಲಿ. ಕಡುಬು, ಅಕ್ಕಿ ರೊಟ್ಟಿ ಹಿಟ್ಟಿಗೆ ಉಪ್ಪು ಬಿಟ್ಟರೂ ನಡೆಯುತ್ತದೆ, ಪಲ್ಯದಲ್ಲಿ ಸಿಗುತ್ತದೆ. ಕಾಳುಮೆಣಸು, ಬೆಳ್ಳುಳ್ಳಿ, ನಿಂಬೆಹುಳಿ ಧಾರಾಳ ಹಾಕಿ. ಕೆಲವು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಪೂರ್ತಿ ಬಿಡಬೇಕಾದದ್ದು ಮಿಡಿ ಉಪ್ಪಿನಕಾಯಿ, ಹಪ್ಪಳ ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಣಮೀನು, ಮಿಕ್ಸ್ಚರ್. ಸೈಂಧವ ಲವಣ ಒಳ್ಳೆಯದು ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ. ಅದರಲ್ಲೂ ಹೆಚ್ಚಿನದು ಸೋಡಿಯಮ್ಮೇ.

ನೀರು ಎಷ್ಟು ಅಂತ ಡಾಕ್ಟರನ್ನೇ ಕೇಳಿ, ಎಲ್ಲರಿಗೂ ಒಂದೇ ಅಳತೆ ಅಲ್ಲ. ದೊಡ್ಡಪ್ಪನಿಗೆ ಒಂದೂವರೆ ಲೀಟರ್ ಅಂದಿದ್ದರು. ಬೆಳಿಗ್ಗೆ ಒಂದೂವರೆ ಲೀಟರ್ ನೀರು ತುಂಬಿಟ್ಟುಕೊಂಡು, ಕಾಫಿ, ಗಂಜಿ, ಮಜ್ಜಿಗೆ, ಸಾರು ಏನು ಕುಡಿದರೂ ಅಷ್ಟೇ ನೀರನ್ನು ಅದರಿಂದ ಚೆಲ್ಲುತ್ತಿದ್ದರು. ಅದು ಖಾಲಿಯಾದರೆ ಅವತ್ತಿನದು ಮುಗಿಯಿತು. ಬಾಯಿ ಒಣಗಿದರೆ ಒಂದು ಏಲಕ್ಕಿ.

ಮೆಡಿಕಲ್ ಸ್ಟೋರ್, ಬೇಲೂರು

ಮಾತ್ರೆಗಳ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ, ಅಂಗಡಿಯಲ್ಲಿ ದಿನಾ ನೋಡುವುದು.

ಚೀಟಿಯಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಅಂತ ಇರಬಹುದು. "ಇದು ಶುಗರ್ ಮಾತ್ರೆ, ನಮ್ಮವರಿಗೆ ಶುಗರ್ ಇಲ್ಲ" ಅಂತ ನಿಲ್ಲಿಸುವವರು ಬಹಳ. ನಿಲ್ಲಿಸಬೇಡಿ. ಶುಗರ್ ಇಲ್ಲದ ಹಾರ್ಟ್ ಫೇಲ್ಯೂರಿಗೂ ಅದು ಕೆಲಸ ಮಾಡುತ್ತದೆ. ಹಾಗೆಯೇ ಮೆಟೊಪ್ರೊಲಾಲ್ ಅಥವಾ ಬಿಸೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್, ಸ್ಯಾಕುಬಿಟ್ರಿಲ್-ವಲ್ಸಾರ್ಟನ್ ಇವೆಲ್ಲ ಬಿಪಿ ಮಾತ್ರೆ ಅಂತ ತಿಳಿದು, ಮೆಷಿನ್ನಿನಲ್ಲಿ ಬಿಪಿಯ ಮೇಲಿನ ಸಂಖ್ಯೆ 100 ಬಂದ ಕೂಡಲೇ ಬಿಟ್ಟುಬಿಡುತ್ತಾರೆ. ಇಎಫ್ ಕಮ್ಮಿ ಇದ್ದವರಿಗೆ ಅವನ್ನು ಕೊಡುವುದು ಹೃದಯ ಉಳಿಸುವುದಕ್ಕೆ. ತಲೆಸುತ್ತು ಇಲ್ಲದೆ 100 ಇದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಡಾಕ್ಟರಿಗೆ ಹೇಳಿ, ಅವರೇ ಡೋಸ್ ಸರಿ ಮಾಡಲಿ.

ನೀರಿನ ಮಾತ್ರೆಯನ್ನು ಹಾಸನಕ್ಕೆ ಬಸ್ಸಿನಲ್ಲಿ ಹೋಗುವ ದಿನ ಬಿಡುವುದು ನಮ್ಮ ಕಡೆ ಮಾಮೂಲು, ದಾರಿಯಲ್ಲಿ ಮೂತ್ರಕ್ಕೆ ತೊಂದರೆ ಅಂತ. ಬಿಡುವ ಬದಲು ಆ ದಿನ ಸ್ವಲ್ಪ ತಡವಾಗಿ ತೆಗೆದುಕೊಳ್ಳಬಹುದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು, ಇದನ್ನು ಒತ್ತಿ ಹೇಳುತ್ತೇನೆ. ಮಂಡಿ ನೋವು, ಸೊಂಟ ನೋವು ಅಂತ ಡೈಕ್ಲೊಫೆನಾಕ್, ಐಬುಪ್ರೊಫೆನ್ ತೆಗೆದುಕೊಳ್ಳಲೇಬಾರದು. ಅವು ಉಪ್ಪು, ನೀರನ್ನು ದೇಹದಲ್ಲೇ ನಿಲ್ಲಿಸುತ್ತವೆ, ಕಿಡ್ನಿಗೂ ಏಟು. ತೋಟದ ಕೆಲಸ ಮಾಡಿದವರಿಗೆ ನೋವು ಇದ್ದೇ ಇರುತ್ತದೆ. ಪ್ಯಾರಾಸಿಟಮಾಲ್ ಸಾಕಾಗದಿದ್ದರೆ ಡಾಕ್ಟರನ್ನು ಕೇಳಿ. ಅಂಗಡಿಗೆ ಯಾರು ಬಂದರೂ, ಪಕ್ಕದ ಮನೆ ಹುಡುಗನೇ ಬಂದರೂ, "ಹಾರ್ಟ್ ಫೇಲ್ಯೂರ್ ಇದೆ" ಅಂತ ಮೊದಲು ಹೇಳಲಿ. ಗ್ಯಾಸಿಗೆ ಈನೋ, ಸೋಡಾ ಬೇಡ, ಸೋಡಿಯಂ ಜಾಸ್ತಿ. ಕೆಮ್ಮಿಗೆ ಜೇಷ್ಠಮಧು ದಿನಾ ಅಗಿಯುವುದೂ ಬೇಡ, ಅದು ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ. ಕಮ್ಮಿ ಸೋಡಿಯಂ ಉಪ್ಪು ಅಂತ ಪ್ಯಾಕೆಟ್ ಸಿಗುತ್ತದೆ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ತಿನ್ನುವವರಿಗೆ ಪೊಟ್ಯಾಸಿಯಂ ಅತಿಯಾಗಿ ಏರಿ ಅದು ಅಪಾಯ. ಎಳನೀರಿನಲ್ಲೂ ಪೊಟ್ಯಾಸಿಯಂ ಇದೆ, ದಿನಾ ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಮಾತ್ರೆ ಖರ್ಚು ಜಾಸ್ತಿಯಾದರೆ ಜನೌಷಧಿಯಲ್ಲಿ ವಿಚಾರಿಸಿ. ದುಡ್ಡಿಲ್ಲ ಅಂತ ದಿನ ಬಿಟ್ಟು ದಿನ ನುಂಗುವುದು ಮಾತ್ರ ಬೇಡ.

ಸಕಲೇಶಪುರದ ಮಗಳು

ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮಳೆ ಪುಸ್ತಕ ನಮ್ಮ ಮನೆಯಲ್ಲೂ ಇದೆ! ಆಸ್ಪತ್ರೆಯಲ್ಲಿದ್ದಾಗಲೂ ಅಪ್ಪ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಫೋನಿನಲ್ಲಿ ಮಳೆ ಕೇಳಿ ಬರೆಸಿದ್ದರು. ಚೀಟಿ ನೋಡಿದೆ, ಡಾಪಾಗ್ಲಿಫ್ಲೋಜಿನ್ ಇದೆ, ಮಂಡಿ ನೋವಿಗೆ ಹಳೆಯ ಡೈಕ್ಲೊಫೆನಾಕ್ ಮಾತ್ರೆಯ ಸ್ಟ್ರಿಪ್ಪೂ ಡ್ರಾಯರಿನಲ್ಲಿ ಇದೆಯಂತೆ. ಅಮ್ಮನಿಗೆ ಎಸೆಯಲು ಹೇಳಿದೆ.

ಇನ್ನೆರಡು ಪ್ರಶ್ನೆ. ವಾಂತಿ ಭೇದಿ ಆದರೆ ಮಾತ್ರೆ ಹೇಗೆ? ರಾತ್ರಿ ಮತ್ತೆ ಉಸಿರು ಕಟ್ಟಿದರೆ, ನೆಟ್‌ವರ್ಕ್ ಇಲ್ಲದಾಗ, ಅಮ್ಮ ಒಬ್ಬರೇ ಏನು ಮಾಡಬೇಕು?

ವಾರ್ಡ್ ಸಿಸ್ಟರ್, ಹಾಸನ

ವಾಂತಿ ಭೇದಿಯಾಗಿ ಊಟ ಸೇರದಿದ್ದರೆ ನೀರಿನ ಮಾತ್ರೆ, ಡಾಪಾಗ್ಲಿಫ್ಲೋಜಿನ್ ಮುಂತಾದ ಕೆಲವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಯಾವುದು ಅಂತ ಅವತ್ತೇ ಫೋನಿನಲ್ಲಿ ಕೇಳಿ. ತೂಕ ಬೇಗ ಬೇಗ ಇಳಿಯುವುದೂ ಏರಿದಷ್ಟೇ ಮುಖ್ಯ.

ರಾತ್ರಿ ಉಸಿರು ಕಟ್ಟಿದರೆ ಮಲಗಿಸಬೇಡಿ. ಮಂಚದ ಅಂಚಿನಲ್ಲಿ ಕಾಲು ಕೆಳಗೆ ಬಿಟ್ಟು ನೆಟ್ಟಗೆ ಕೂರಿಸಿ, ಬೆನ್ನಿಗೆ ಆಸರೆ ಕೊಡಿ. ನೀರು ಕುಡಿಸಬೇಡಿ. ಕೂತರೂ ಉಸಿರು ಸಿಗದಿದ್ದರೆ, ಎದೆನೋವು ಬಂದರೆ, ಎಚ್ಚರ ತಪ್ಪಿದರೆ, ನೊರೆ ನೊರೆ ಕಫ ಬಂದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ನೆಟ್‌ವರ್ಕ್ ತೋಟದಲ್ಲಿ ಎಲ್ಲಿ ಸಿಗುತ್ತದೆ, ಆ ಹೊತ್ತಿನಲ್ಲಿ ಜೀಪು ತೆಗೆಯುವವರು ಯಾರು, ಇದನ್ನು ಈ ವಾರವೇ ಪಕ್ಕದ ಮನೆಯವರ ಹತ್ತಿರ ಮಾತಾಡಿಟ್ಟುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ, ಎಕೋ ರಿಪೋರ್ಟ್, ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ ಒಂದೇ ಕವರಿನಲ್ಲಿ ಬಾಗಿಲ ಹತ್ತಿರ ಇರಲಿ. ಊರಿನ ಆಶಾ ಕಾರ್ಯಕರ್ತೆಗೂ ವಿಷಯ ಗೊತ್ತಿರಲಿ, ಉಪಕೇಂದ್ರದಲ್ಲಿ ಬಿಪಿ ನೋಡಿಸಬಹುದು.

ಅಮ್ಮ ರಾತ್ರಿ ಎದ್ದೆದ್ದು ನೋಡುವುದನ್ನು ನಿಲ್ಲಿಸಲಿ. ಬೆಳಿಗ್ಗೆಯ ತೂಕ ಸರಿ ಇದೆ, ದಿಂಬು ಜಾಸ್ತಿ ಆಗಿಲ್ಲ, ಕಾಲು ಊದಿಲ್ಲ ಅಂದರೆ ಅವರು ನಿದ್ದೆ ಮಾಡಬಹುದು. ಫಾಲೋ-ಅಪ್‌ಗೆ ನೀವೂ ರಜೆ ಹಾಕಿ ಬನ್ನಿ, ಆ ಪುಸ್ತಕ ತನ್ನಿ. ಅಂಗಳದಲ್ಲಿ ಎಷ್ಟು ನಡೆಯಬಹುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಯಾವಾಗ ಅಂತ ಅವತ್ತೇ ಕೇಳಿಬಿಡಿ.