ಅಪ್‌ಡೇಟ್: ಸೆರೆಬ್ರಲ್ ಪಾಲ್ಸಿ ಇರುವ ಮಗಳ ಮುರಿದ ಹಲ್ಲಿಗೆ ಪೂರ್ಣ ಅರಿವಳಿಕೆಯಿಲ್ಲದೆ ಚಿಕಿತ್ಸೆಯಾಯಿತು

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ಕಡಿಮೆಯಾಗುವ ಸ್ಥಿತಿ) ಇರುವ ನನ್ನ ಒಂಬತ್ತು ವರ್ಷದ ಮಗಳು ವಾಕರ್ ಸಮೇತ ಬಿದ್ದು, ಮೇಲಿನ ಮುಂಭಾಗದ ಶಾಶ್ವತ ಹಲ್ಲು ಮುರಿದು ಪಕ್ಕದ್ದು ಅಲ್ಲಾಡತೊಡಗಿದಾಗ, ಪೂರ್ಣ ಅರಿವಳಿಕೆಯಿಲ್ಲದೆ, ಅಂದರೆ ಪ್ರಜ್ಞೆ ತಪ್ಪಿಸದೆ, ಚಿಕಿತ್ಸೆ ಸಾಧ್ಯವೇ ಎಂದು ಇಲ್ಲಿ ಕೇಳಿದ್ದೆ. ಸಾಧ್ಯವಾಯಿತು; ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಮುರಿದ ಚೂರನ್ನು ಹಾಲಿನಲ್ಲಿಟ್ಟು ಒಯ್ಯಿರಿ ಎಂಬ ಸಲಹೆ ಫಲಿಸಿತು. ಮಕ್ಕಳ ದಂತವೈದ್ಯರು ಅದನ್ನೇ ಅಂಟಿಸಿದರು. ಈಗ ಟಾರ್ಚ್ ಹಿಡಿದು ನೋಡಿದರೆ ಮಾತ್ರ ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ಅಲ್ಲಾಡುತ್ತಿದ್ದ ಹಲ್ಲನ್ನು ತೆಳುವಾದ ತಂತಿಯಿಂದ 2 ವಾರ ಪಕ್ಕದ ಹಲ್ಲುಗಳಿಗೆ ಜೋಡಿಸಿದ್ದರು. ಅವಳದೇ ಗಾಲಿಕುರ್ಚಿಯಲ್ಲಿ ಕೂರಿಸಿ ಎಂದವರ ಮಾತು ಇನ್ನೂ ದೊಡ್ಡ ಉಪಕಾರ ಮಾಡಿತು, ಏಕೆಂದರೆ ದಂತವೈದ್ಯರ ಕುರ್ಚಿಯಲ್ಲಿ ತಲೆ ಹಿಂದಕ್ಕೆ ವಾಲಿದೊಡನೆ ಅವಳ ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು, ನೇರ ಕೂರಿಸಿ ನಾನು ತಲೆಗೆ ಆಸರೆ ಕೊಟ್ಟಾಗ ಬಾಯಿಯ ನೀರು ಗಂಟಲಿಗಿಳಿಯುವ ಭಯವೂ ಕಡಿಮೆಯಾಯಿತು.

ಬಾಯಿ ತೆರೆದೇ ಇರಲೆಂದು ಬಟ್ಟೆ ಸುತ್ತಿದ ಚಮಚವನ್ನು ಹಲ್ಲುಗಳ ನಡುವೆ ಇಡುವ ಉಪಾಯವನ್ನು ವೈದ್ಯರು ಒಪ್ಪಲಿಲ್ಲ; ತಟ್ಟನೆ ಕಚ್ಚಿದರೆ ಪೆಟ್ಟಾದ ಹಲ್ಲಿಗೇ ಅಪಾಯವಂತೆ. ಅದರ ಬದಲು ದಾರ ಕಟ್ಟಿದ ರಬ್ಬರ್ ಆಧಾರವನ್ನು ಬಳಸಿದರು.

ನನಗೆ ತಿಳಿಯದೇ ಇದ್ದ ಸಂಗತಿಯೊಂದಿದೆ. ಹಲ್ಲಿನ ಒಳತಿರುಳು ಜೀವಂತವಾಗಿದೆಯೇ ಎಂದು ತಣ್ಣನೆಯ ವಸ್ತು ತಾಗಿಸಿ ಪರೀಕ್ಷಿಸುತ್ತಾರೆ, ಆದರೆ ಮಾತನಾಡಲಾಗದ ಮಗುವಿನ ಉತ್ತರವನ್ನು ನಂಬುವುದು ಕಷ್ಟ. ಆದ್ದರಿಂದ ಬಣ್ಣ ಕಂದುವುದು, ಒಸಡಿನಲ್ಲಿ ಗುಳ್ಳೆ ಏಳುವುದು, ಊಟಕ್ಕೆ ಮುಖ ತಿರುಗಿಸುವುದು ಇವನ್ನು ಮನೆಯವರೇ ಗಮನಿಸಬೇಕು. 6ರಿಂದ 8 ವಾರಗಳೊಳಗೆ ಒಂದು ಎಕ್ಸ್‌ರೇ, ವರ್ಷ ತುಂಬಿದಾಗ ಮತ್ತೊಂದು ಎಂದು ಹೇಳಿದ್ದಾರೆ.