ಅಪ್ಪ ಅಮ್ಮನ ಆಧಾರ್, ಪ್ಯಾನ್, ಪಾಲಿಸಿ ನಂಬರು ಎಲ್ಲವನ್ನೂ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಹೇಗೆ ಜೋಡಿಸಿಡೋದು?

ರಾಜಾಜಿನಗರದ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ರಾಜಾಜಿನಗರದಲ್ಲಿ, ನಾನು ವೈಟ್‌ಫೀಲ್ಡ್‌ನಲ್ಲಿ. ಅಪ್ಪ ಒಂದು ಡೈರಿಯಲ್ಲಿ ಎಲ್ಲ ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾರೆ: ಬೆಸ್ಕಾಂ ಅಕೌಂಟ್ ಐಡಿ, ನೀರಿನ ಆರ್‌ಆರ್ ನಂಬರು, ಆಸ್ತಿ ತೆರಿಗೆಯ ಪಿಐಡಿ, ಎಲ್‌ಐಸಿ ಪಾಲಿಸಿ. ಆದರೆ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ದಿನ ಇನ್ಶೂರೆನ್ಸ್ ಕೌಂಟರಿನಲ್ಲಿ ಪಾಲಿಸಿ ನಂಬರು ಕೇಳಿದಾಗ ಡೈರಿ ಬೀರುವಿನಲ್ಲಿತ್ತು, ಬೀರುವಿನ ಕೀ ಅಮ್ಮನ ಕೈಚೀಲದಲ್ಲಿತ್ತು. ರಾತ್ರಿ ಹೊತ್ತು ಮತ್ತೆ ರಾಜಾಜಿನಗರಕ್ಕೆ ಓಡಬೇಕಾಯಿತು.

ನನ್ನ ಪಾಸ್‌ವರ್ಡ್‌ಗಳು ಬಿಟ್‌ವಾರ್ಡನ್‌ನಲ್ಲಿವೆ. ಇವನ್ನೂ ಅಲ್ಲೇ ಹಾಕಬೇಕು ಅಂತಿದ್ದೀನಿ. ಬ್ಯಾಂಕು, ವಿಮೆ, ಬಿಲ್ಲು ಅಂತ ಫೋಲ್ಡರ್ ಮಾಡಲಾ, ಇಲ್ಲ ಅಪ್ಪ, ಅಮ್ಮ ಅಂತ ಮಾಡಲಾ? ಆಧಾರ್‌ಗೆ ಅಲ್ಲಿ ಜಾಗವೇ ಇಲ್ವಲ್ಲ?

ಬಸವನಗುಡಿ ಕೀಲಿಕೈ:
ಅಪ್ಪ, ಅಮ್ಮ ಅಂತಲೇ ಮಾಡಿ. ಕೌಂಟರಿನಲ್ಲಿ ಕೇಳೋದು ಯಾರ ಪಾಲಿಸಿ ಅಂತ ಅಲ್ವಾ? ಮೂರನೇ ಫೋಲ್ಡರ್ ‘ಮನೆ’. ಬೆಸ್ಕಾಂ, ನೀರು, ಗ್ಯಾಸು, ತೆರಿಗೆ ಅದರಲ್ಲಿರಲಿ.

ಫೋಲ್ಡರ್‌ಗಿಂತ ಹೆಸರು ಮುಖ್ಯ. ‘ಪಾಲಿಸಿ 2’ ಅಂತ ಇಟ್ಟರೆ ಗಾಬರಿಯಲ್ಲಿ ಸಿಗೋದಿಲ್ಲ. ‘ಅಮ್ಮ ಆರೋಗ್ಯ ವಿಮೆ’ ಅಂತಿಡಿ. ‘ಅಮ್ಮ’ ಅಂತ ಹುಡುಕಿದರೆ ಅವರದ್ದೆಲ್ಲ ಒಟ್ಟಿಗೆ ಬರುತ್ತದೆ. ಕೆಳಗೆ ನೋಟ್ಸ್‌ನಲ್ಲಿ ಹೆಲ್ಪ್‌ಲೈನ್ ನಂಬರು, ನವೀಕರಣದ ದಿನಾಂಕ, ನಾಮಿನಿ ಹೆಸರು ಬರೆದಿಡಿ. ರಾತ್ರಿ ಹೊತ್ತು ಬೇಕಾಗೋದು ಅದೇ.

ಆಧಾರ್‌ಗೆ ‘ಐಡೆಂಟಿಟಿ’ ಅನ್ನೋ ಬಗೆ ತೆಗೆದುಕೊಳ್ಳಿ. ಅದರಲ್ಲಿ ಅಮೆರಿಕದವರ ಸೋಷಿಯಲ್ ಸೆಕ್ಯುರಿಟಿ ನಂಬರಿಗೆ ಜಾಗ ಇದೆ, ನಮ್ಮ ಆಧಾರ್‌ಗಿಲ್ಲ. ಆ ಜಾಗದಲ್ಲಿ ತುರುಕಬೇಡಿ. ಕಸ್ಟಮ್ ಫೀಲ್ಡ್ (ನಾವೇ ಹೆಸರಿಡುವ ಹೆಚ್ಚುವರಿ ಜಾಗ) ಸೇರಿಸಿ, ಬಗೆ ‘ಹಿಡನ್’ ಮಾಡಿ. ಆಗ 12 ಅಂಕಿ ಚುಕ್ಕಿಗಳಾಗಿ ಕಾಣುತ್ತವೆ, ಕ್ಯೂನಲ್ಲಿ ಹಿಂದೆ ನಿಂತವರಿಗೆ ಗೊತ್ತಾಗೋದಿಲ್ಲ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ಇ-ಆಧಾರ್ ಪಿಡಿಎಫ್ ಅನ್ನು ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕೋದು ಎಲ್ಲರ ಅಭ್ಯಾಸ. ಅದರ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ. ಪರಿಚಯದವರು ಯಾರು ಬೇಕಾದರೂ ತೆಗೆಯಬಹುದು. ಹೋಟೆಲಿನಂಥ ಕಡೆ ಕೇಳಿದರೆ ಮಾಸ್ಕ್ ಮಾಡಿದ ಆಧಾರ್ ಕೊಡಿ, ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ.

ನಿವೃತ್ತ ಕ್ಯಾಷಿಯರ್:
ಮಗಳೇ, ಎಟಿಎಂ ಪಿನ್, ಯುಪಿಐ ಪಿನ್ ಮಾತ್ರ ಅಲ್ಲಿ ಬರೀಬೇಡಮ್ಮ. ಅಪ್ಪನ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಇಟ್ಟುಕೊಂಡು ನೀನು ದುಡ್ಡು ಕಳಿಸೋದೂ ಸರಿಯಲ್ಲ. ನಾಳೆ ಏನಾದರೂ ತಕರಾರು ಬಂದರೆ ಬ್ಯಾಂಕು ನಿಮ್ಮ ಮಾತು ಕೇಳೋದಿಲ್ಲ. ಅಪ್ಪನನ್ನು ಶಾಖೆಗೆ ಕರೆದುಕೊಂಡು ಹೋಗಿ ಖಾತೆಗೆ ನಿನ್ನ ಹೆಸರು ಸೇರಿಸಿ, ‘ಐದರ್ ಆರ್ ಸರ್ವೈವರ್’ ಮಾಡಿಸು, ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ಖಾತೆ ನಡೆಸಬಹುದು. ಖಾತೆ ನಂಬರು, ಶಾಖೆ, ಎಫ್‌ಡಿ ಮುಗಿಯುವ ದಿನ, ಲಾಕರ್ ಕೀ ಎಲ್ಲಿದೆ, ಇಷ್ಟು ಬರೆದಿಡು. ಸಾಕು.

ವಿಜಯನಗರ ವೆಂಕಿ:
ಎಲ್ಲ ಒಂದೇ ಕಡೆ ಇಡೋದಾ? 2022ರಲ್ಲಿ ಲಾಸ್ಟ್‌ಪಾಸ್ ಅನ್ನೋ ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಕಳ್ಳರು ಗ್ರಾಹಕರ ವಾಲ್ಟ್ (ಪಾಸ್‌ವರ್ಡ್‌ಗಳ ಪೆಟ್ಟಿಗೆ) ಎತ್ತಿಕೊಂಡು ಹೋದರಲ್ಲ. ನನಗೆ ಡೈರಿಯೇ ವಾಸಿ ಅನ್ನಿಸುತ್ತೆ.

ಬಸವನಗುಡಿ ಕೀಲಿಕೈ:
ವೆಂಕಿ ಅವರೇ, ಹೆದರಿಕೆ ಸರಿಯಾದದ್ದೇ. ಅಲ್ಲಿ ವೆಬ್‌ಸೈಟ್ ವಿಳಾಸಗಳು ಬೀಗವಿಲ್ಲದೆ ಹೋದವು. ಪಾಸ್‌ವರ್ಡು, ನೋಟ್ಸು ಎನ್‌ಕ್ರಿಪ್ಟ್ ಆಗಿದ್ದವು, ಅಂದರೆ ಓದಲಾಗದ ಗೂಢಲಿಪಿಯಲ್ಲಿದ್ದವು. ಆದರೆ ವಾಲ್ಟ್ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಸಡಿಲ ಇದ್ದರೆ ಕಳ್ಳರು ಕೂತು ಊಹಿಸಬಹುದು. ಅದಕ್ಕೇ ಅದು ಉದ್ದವಾಗಿರಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದ ಸೇರಿಸಿ, ಬೇರೆಲ್ಲೂ ಬಳಸಬೇಡಿ. ಎರಡನೇ ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪರಿಶೀಲನೆ) ಹಾಕಿ. ಆ ಎರಡನೇ ಹಂತ ಕೈಕೊಟ್ಟರೆ ಬೇಕಾಗುವ ರಿಕವರಿ ಕೋಡ್ ಅನ್ನು ವಾಲ್ಟ್ ಒಳಗಲ್ಲ, ಕಾಗದದ ಮೇಲೆ ಬರೆದು ಬ್ಯಾಂಕ್ ಲಾಕರಿನಲ್ಲಿಡಿ.

ಕ್ಲೌಡ್ ಬೇಡವೇ ಬೇಡ ಅನ್ನೋರಿಗೆ ಕೀಪಾಸ್‌ಎಕ್ಸ್‌ಸಿ ಅನ್ನೋ ಪಾಸ್‌ವರ್ಡ್ ಮ್ಯಾನೇಜರ್ ಇದೆ. ಫೈಲು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತೆ, ಬ್ಯಾಕಪ್ ಜವಾಬ್ದಾರಿಯೂ ನಿಮ್ಮದೇ.

ರಾಜಾಜಿನಗರದ ಮಗಳು:
ತುಂಬಾ ಥ್ಯಾಂಕ್ಸ್. ಮೂರು ಫೋಲ್ಡರ್ ಮಾಡಿದೆ, ಪಿನ್ ಯಾವುದೂ ಹಾಕಿಲ್ಲ. ಅಪ್ಪ ಬ್ಯಾಂಕಿಗೆ ಬರೋಕೆ ಒಪ್ಪಿದ್ದಾರೆ. ಒಂದೇ ಚಿಂತೆ. ನನಗೇ ಏನಾದರೂ ಆದರೆ ಮೈಸೂರಿನಲ್ಲಿರುವ ತಮ್ಮನಿಗೆ ಇದು ಸಿಗೋದು ಹೇಗೆ?

ಬಸವನಗುಡಿ ಕೀಲಿಕೈ:
ಬಿಟ್‌ವಾರ್ಡನ್‌ನಲ್ಲಿ ‘ಎಮರ್ಜೆನ್ಸಿ ಆಕ್ಸೆಸ್’ ಅಂತ ಇದೆ. ನಿಮಗೆ ದುಡ್ಡು ಕಟ್ಟುವ ಪ್ಲಾನ್ ಬೇಕು, ತಮ್ಮನಿಗೆ ಉಚಿತ ಖಾತೆ ಸಾಕು. ಅವರು ಕೇಳಿದಾಗ ನಿಮಗೆ ಮೇಲ್ ಬರುತ್ತದೆ. ನೀವು ಗೊತ್ತುಮಾಡಿದಷ್ಟು ದಿನದೊಳಗೆ ಬೇಡ ಅನ್ನದಿದ್ದರೆ ಅವರಿಗೆ ತೆರೆದುಕೊಳ್ಳುತ್ತದೆ. ‘ನೋಡಲು ಮಾತ್ರ’ ಅಂತ ಆರಿಸಿ. ತಮ್ಮ ಮುಂದಿನ ಸಲ ಬೆಂಗಳೂರಿಗೆ ಬಂದಾಗ ಎದುರಿಗೇ ಕೂರಿಸಿಕೊಂಡು ಒಂದು ಸಲ ಮಾಡಿ ನೋಡಿ.